ಮಾಯಮ್ಮನ ಹೆಚ್ಚುವರಿ ಮನೆ

ಮದ್ದೂರು
೧೯೭೭, ಕಾರ್ತಿಕ ಮಾಸ, ಬುಧವಾರ

ಮಂಡ್ಯ–ಮದ್ದೂರು–ಮಳವಳ್ಳಿ ತ್ರಿಪುರ ನಿರ್ವಸತಿಕರ ನೆರವಿನ ಸಮನ್ವಯ ಸಮಿತಿಯ ಅಧ್ಯಕ್ಷರಾದ ಶ್ರೀಯುತ ವೆಂಕಟೇಶಮೂರ್ತಿಯವರ ಸಮ್ಮುಖಕ್ಕೆ,

ಮಾನ್ಯರೇ, ಮೂರೂರಿಗೂ ಸಾಮಾನ್ಯರಾದ ಮಾನ್ಯರೇ,

ತಮ್ಮ ಸಮಿತಿಯ ಹೆಸರನ್ನು ಪೂರ್ತಿಯಾಗಿ ಬರೆದು ಮುಗಿಸುವಷ್ಟರಲ್ಲಿ ಪೆನ್ನಿನ ಮಸಿ ಅರ್ಧಕ್ಕೆ ಇಳಿದಿರುವುದರಿಂದ ಕುಶಲಪ್ರಶ್ನೆಯನ್ನು ಚುಟುಕಾಗಿ ಮುಗಿಸುತ್ತಿದ್ದೇನೆ. ತಾವು ಕ್ಷೇಮವೆಂಬುದನ್ನು ತಮ್ಮ ಹೊಸ ಮಹಡಿಯ ಮೇಲೆ ಉರಿಯುವ ದೀಪ ನಿತ್ಯವೂ ನನಗೆ ತಿಳಿಸುತ್ತಿದೆ. ನಾನು ಕ್ಷೇಮವೆಂಬುದನ್ನು, ತಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಿರುವ ನನ್ನ ಬಾಡಿಗೆ ಮನೆಯ ಒಲೆಯ ಹೊಗೆ ತಮಗೆ ತಿಳಿಸುತ್ತಿರಬಹುದು. ಹೀಗೆ ನಮ್ಮಿಬ್ಬರಿಗೂ ಸೂರಿದೆ. ಆದ್ದರಿಂದ ಈ ಪತ್ರ ನಮ್ಮಿಬ್ಬರ ಬಗ್ಗೆ ಅಲ್ಲ. ಪೇಟೆ ಬೀದಿಯ ಹಳೆಯ ಸುಂಕದ ಚಾವಡಿಯ ಜಗಲಿಯ ಮೇಲೆ ಮೂರು ತಿಂಗಳಿಂದ ಇರುವ ಬಳೆಗಾರ್ತಿ ಮಾಯಮ್ಮನ ಬಗ್ಗೆ. ಈ ತಿಂಗಳ ಮೂವತ್ತನೆಯ ತಾರೀಖು ತಾವು ಸಹಿ ಹಾಕಲಿರುವ ಮನೆ ಹಂಚಿಕೆಯ ಪಟ್ಟಿಯಲ್ಲಿ ಆಕೆಯ ಹೆಸರು ಬರಬೇಕಾದ ಕಡೆ ಬಾರದೆ, ಬರಬಾರದ ಕಡೆ ಬಂದು ಕುಳಿತಿರುವುದರ ಬಗ್ಗೆ.

ಇದನ್ನು ತಮ್ಮೊಡನೆ ಊರವರೆಲ್ಲ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಒಳಗೊಳಗೇ ಬರೆದ ಮೂರು ಪತ್ರಗಳಿಗೆ ತಮ್ಮ ಕಚೇರಿಯಿಂದ ಮೂರು ಸ್ವೀಕೃತಿ ಪತ್ರಗಳು ಬಂದಿವೆ, ಮೂರರಲ್ಲೂ ಒಂದೇ ವಾಕ್ಯವಿದೆ, ಮೂರರಲ್ಲೂ ನನ್ನ ಹೆಸರಿನ ಕಾಗುಣಿತ ಬೇರೆಬೇರೆಯಾಗಿದೆ.

ಮೊದಲಿಗೆ ಮೆಚ್ಚಬೇಕಾದ್ದನ್ನು ಮೆಚ್ಚಿಬಿಡುವುದು ಧರ್ಮ. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಮಕಾರಗಳನ್ನು ಒಂದೇ ದಾರದಲ್ಲಿ ಪೋಣಿಸಿದ ತಮ್ಮ ಸಮಿತಿಗೆ ಮೊದಲು, ಒಂದೂರಿನಲ್ಲಿ ಮನೆ ಕಳೆದುಕೊಂಡವರು ಆ ಒಂದೇ ಊರಿನಲ್ಲಿ ಅಲೆಯಬೇಕಾಗಿತ್ತು. ಸಮನ್ವಯ ಏರ್ಪಟ್ಟ ಮೇಲೆ ಅದೇ ಜನ ಅದೇ ಅರ್ಜಿಯನ್ನು ಹಿಡಿದು ಮೂರು ಊರುಗಳಲ್ಲೂ ಸರಾಗವಾಗಿ ಅಲೆಯುತ್ತಿದ್ದಾರೆ. ಮಂಡ್ಯದಲ್ಲಿ ಮಂಡನೆ, ಮದ್ದೂರಿನಲ್ಲಿ ಖಂಡನೆ, ಮಳವಳ್ಳಿಯಲ್ಲಿ ಮರುಮಂಡನೆ ಎಂಬ ಕ್ರಮದಲ್ಲಿ ಈವರೆಗೆ ಹನ್ನೊಂದು ಸಭೆಗಳು ನಡೆದಿವೆ ಎಂದು ಬಲ್ಲೆ. ಪ್ರಾಸ ನನ್ನ ಹಳೆಯ ಚಟ. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಕಾಫಿಯಷ್ಟು ಖರ್ಚಿಲ್ಲದ ಚಟ ಇದೊಂದೇ. ಎಂಟನೆಯ ಸಭೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತಿದ್ದಾಗ ತಾನಾಗಿ ಬಂದ ಎರಡು ಸಾಲನ್ನು ತಮಗೆ ಅರ್ಪಿಸುತ್ತೇನೆ:

ಸಭೆಯ ಮೇಲೆ ಸಭೆಯು ಸೇರಿ, ವಡೆಯ ಮೇಲೆ ವಡೆಯು ಜಾರಿ,
ಗೋಡೆ ಬಿದ್ದ ಮಂದಿ ಕೂತರು ಬಾಗಿಲಾಚೆ ಬಾಯಿ ಆರಿ.

ಹಾಗೆಂದು ಸಮಿತಿ ಕೆಲಸವನ್ನೇ ಮಾಡಿಲ್ಲವೆಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಶಿಂಷಾ ಹೊಳೆಯ ಆಚೆ ದಿಬ್ಬದ ಮೇಲೆ ಹನ್ನೆರಡು ಹೆಂಚಿನ ಮನೆಗಳು ನಿಜವಾಗಿಯೂ ನಿಂತಿವೆ. ನಾನೇ ಹೋಗಿ ಬಾಗಿಲು ತಟ್ಟಿ ನೋಡಿ ಬಂದಿದ್ದೇನೆ. ಹನ್ನೆರಡೂ ಬಾಗಿಲು, ತಟ್ಟಿದರೆ ಬಾಗಿಲಿನಂತೆಯೇ ಸದ್ದು ಮಾಡುತ್ತವೆ. ಅವುಗಳಲ್ಲಿ ಹನ್ನೊಂದಕ್ಕೆ ಹೆಸರುಗಳು ಗೊತ್ತಾಗಿವೆ. ಹನ್ನೆರಡನೆಯದು ಯಾರಿಗೆಂದು ಗೊತ್ತಾಗಿಲ್ಲ. ಆ ಹನ್ನೆರಡನೆಯ ಬಾಗಿಲಿಗೂ ಸುಂಕದ ಚಾವಡಿಯ ಜಗಲಿಗೂ ನಡುವೆ ಇರುವುದು ಒಂದು ಹೊಳೆ, ಒಂದು ಸೇತುವೆ ಮತ್ತು ಒಂದು ಪದ. ಹೊಳೆ, ಸೇತುವೆಗಳಿಂದ ಯಾವ ತೊಂದರೆಯೂ ಆಗಿಲ್ಲ.

ತೊಂದರೆ ಆದದ್ದು ಹೇಗೆಂದು ವಿವರಿಸಬೇಕಾದರೆ ನನ್ನ ತಪ್ಪಿನಿಂದಲೇ ಶುರುಮಾಡಬೇಕು. ಭಾದ್ರಪದದಲ್ಲಿ ಮನೆ ಕಳೆದುಕೊಂಡವರ ಗಣತಿಗೆಂದು ಮೇಷ್ಟರುಗಳನ್ನೆಲ್ಲ ಬೀದಿಗಿಳಿಸಿದಾಗ ಪೇಟೆ ಬೀದಿ ನನ್ನ ಪಾಲಿಗೆ ಬಂತು. ನಮೂನೆಯಲ್ಲಿ ಒಂದೇ ಪ್ರಶ್ನೆ: ಸ್ವಂತ ಮನೆ ಇದೆಯೇ, ಇಲ್ಲವೇ. ಒಂದು ಕಾಲಂ ‘ಇದೆ’, ಒಂದು ಕಾಲಂ ‘ಇಲ್ಲ’, ಕೊನೆಯಲ್ಲಿ ‘ಷರಾ’. ಜೊತೆಗೆ ತಮ್ಮ ಸುತ್ತೋಲೆ: ಗಣತಿದಾರರು ತಮ್ಮ ಸ್ವಂತ ಬುದ್ಧಿಯನ್ನು ಉಪಯೋಗಿಸದೆ, ಉತ್ತರ ಹೇಳಿದವರ ಮಾತನ್ನೇ ಶುದ್ಧ ಕನ್ನಡದಲ್ಲಿ ಬರೆಯತಕ್ಕದ್ದು. ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಸುತ್ತೋಲೆಯ ಮೊದಲರ್ಧ ಕಷ್ಟವಾಗಲಿಲ್ಲ.

ಮಾಯಮ್ಮನನ್ನು ತಾವು ಬಲ್ಲಿರಿ. ತಮ್ಮ ಮನೆಯವರಾದ ಚೂಡಾಮಣಮ್ಮನವರ ಕೈಗೆ ಮದುವೆಯಾದಾಗಿನಿಂದ ಬಳೆ ತೊಡಿಸುತ್ತಿರುವವಳು ಆಕೆಯೇ. ಹೆಗಲಿಗೆ ಬಳೆಯ ಮಲಾರ ಏರಿಸಿಕೊಂಡು ಮದ್ದೂರಿನಿಂದ ಹಲಗೂರಿನವರೆಗೆ ನಲವತ್ತು ವರ್ಷ ನಡೆದಿದ್ದಾಳೆ. ಹೊಳೆದಂಡೆಯಲ್ಲಿ ಮಣ್ಣಿನ ಗೋಡೆಯ ಒಂದು ಮನೆಯಿತ್ತು. ಈ ಸಲದ ಮಳೆಯಲ್ಲಿ ಹೊಳೆ ಅದನ್ನು ಎರಡು ದಿನದಲ್ಲಿ ಕರಗಿಸಿ ಕುಡಿಯಿತು. ಮಲಾರವೊಂದನ್ನು ಹೊತ್ತು ಬಂದು ಜಗಲಿಯ ಮೇಲೆ ಕುಳಿತಳು. ನಾನು ನಮೂನೆ ಹಿಡಿದು ಆಕೆಯ ಮುಂದೆ ನಿಂತದ್ದು ಸಂಜೆ, ಎದುರಿನ ಅಂಗಡಿಯಲ್ಲಿ ದೀಪ ಹಚ್ಚುತ್ತಿದ್ದಾಗ. ಪ್ರಶ್ನೆಯನ್ನು ಅಚ್ಚಾಗಿದ್ದಂತೆಯೇ ಓದಿದೆ.

“ಇದ್ಯಾಕ್ ಮೇಷ್ಟ್ರೇ, ದೀಪ ಅಚ್ಚೋ ವೊತ್ನಲ್ಲಿ ಬಂದು ಇಂತಾ ಮಾತ್ ಕೇಳೀರಿ?” ಎಂದು ಮೊದಲು ಗದರಿದಳು. ಆಮೇಲೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು, “ಒಳೆ ಕಡೆ ಗೋಡೆ ಮೊದ್ಲು ಎಚ್ಚೋಯ್ತು, ಆಮ್ಯಾಕೆ ಮನೆ ಪೂರಾ ಎಚ್ಚೋಯ್ತು. ಬರ್ಕೊಳಿ” ಎಂದಳು.

ಬಳೆಗಾರ್ತಿಯ ಬಾಯಲ್ಲಿ ಈ ಮಾತು ಬಂದದ್ದರಲ್ಲಿ ಏನೂ ವಿಶೇಷವಿಲ್ಲ. ತೊಡಿಸುವಾಗ ಬಳೆ ಚೂರಾದರೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಇದನ್ನು ಈ ಸೀಮೆಯ ಹೆಣ್ಣುಮಕ್ಕಳು ಹಾಲು ಬಿಡುವ ಮೊದಲೇ ಕಲಿತಿರುತ್ತಾರೆ. ದೀಪವನ್ನು ನಾವು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ತಮ್ಮ ಮನೆಯ ಅಡುಗೆಮನೆಗೂ ನನ್ನ ಮನೆಯ ಪಡಸಾಲೆಗೂ ನಡುವೆ ಇರುವುದು ಒಂದೇ ಗೋಡೆಯಾದ್ದರಿಂದ, “ಏನೂಂದ್ರೆ, ಅಕ್ಕಿ ತುಂಬಿದೆ” ಎಂದು ಚೂಡಾಮಣಮ್ಮನವರು ಹೇಳುವುದೂ, ಮರುನಿಮಿಷದಲ್ಲೇ ತಾವು ರೇಷನ್ ಕಾರ್ಡು, ಚೀಲ ಹಿಡಿದು ಓಟ ಕೀಳುವುದೂ ನನಗೆ ಅಭ್ಯಾಸವಾಗಿದೆ. ಅಕ್ಕಿ ತುಂಬಿದೆಯಂತೆ, ನಾಲ್ಕು ಜನಕ್ಕೆ ಹಂಚಿಬಿಡೋಣ ಎಂದು ತಾವು ಕುಳಿತಲ್ಲೇ ಸಂತೋಷಪಟ್ಟದ್ದನ್ನು ನಾನು ಈವರೆಗೆ ಕೇಳಿಲ್ಲ. ಅಂಥ ತಿಳಿವಳಿಕೆಯುಳ್ಳ ಅಧ್ಯಕ್ಷರಿರುವ ಸಮಿತಿಗೆ ಬಿಡಿಸಿ ಹೇಳುವುದು ಉದ್ಧಟತನವಾದೀತೆಂದು ಅಂಜಿ, ‘ಇದೆ’ಯನ್ನೂ ‘ಇಲ್ಲ’ವನ್ನೂ ಖಾಲಿ ಬಿಟ್ಟು, ಷರಾದಲ್ಲಿ ಆಕೆಯ ಮಾತನ್ನೇ ಬರೆದೆ. ಮಾಡಿದ ತಪ್ಪು ಒಂದೇ. ಶುದ್ಧ ಕನ್ನಡದ ಆಜ್ಞೆಗೆ ತಲೆಬಾಗಿ, ಆಕೆಯ ಬಾಯಲ್ಲಿ ಉದುರಿದ್ದ ಹಕಾರವನ್ನು ಹೆಕ್ಕಿ ಜೋಡಿಸಿ, ‘ಮನೆ ಹೆಚ್ಚಿದೆ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ಎಚ್ಚೋಯ್ತು ಎಂದೇ ಬರೆದಿದ್ದರೆ ತಮ್ಮ ಕಚೇರಿಯವರು ಅರ್ಥವಾಗದೆ ನನ್ನನ್ನು ಕರೆಸಿ ಕೇಳುತ್ತಿದ್ದರು. ಶುದ್ಧವಾಗಿದ್ದುದರಿಂದ ಕೇಳಲಿಲ್ಲ.

ಆ ಕಾಗದ ತಮ್ಮ ಕಾರ್ಯದರ್ಶಿ ಸಿದ್ದರಾಜು ಅವರ ಮೇಜಿಗೆ ಹೋಯಿತು. ಸಿದ್ದರಾಜು ಅವರು ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ. ಭೂಸುಧಾರಣೆಯ ಕಾನೂನು ಬಂದ ಮೇಲೆ ಮೂರು ವರ್ಷ ಕಾಲ ಹೆಚ್ಚುವರಿ ಜಮೀನಿನ ಪಟ್ಟಿಗಳನ್ನೇ ಬರೆದು ಬರೆದು ಅವರ ಕೈಗೆ ಒಂದು ಹದ ಬಂದುಬಿಟ್ಟಿದೆ: ‘ಹೆಚ್ಚು’ ಎಂಬ ಎರಡಕ್ಷರ ಕಣ್ಣಿಗೆ ಬಿದ್ದರೆ ಸಾಕು, ‘ವರಿ’ ಎಂಬುದನ್ನು ಕೈ ತಾನಾಗಿಯೇ ಬರೆದುಕೊಳ್ಳುತ್ತದೆ. ಹೀಗೆ ಹೊಳೆಪಾಲಾದ ಒಂದು ಮನೆಯ ಒಡತಿ ತ್ರಿಪುರ ಸಮಿತಿಯ ದಾಖಲೆಯಲ್ಲಿ ‘ಹೆಚ್ಚುವರಿ ಮನೆ ಉಳ್ಳವರು’ ಎಂಬ ಪುಟಕ್ಕೆ ಏರಿದಳು.

ಆ ಪುಟ ಆವರೆಗೂ ಹೇಗಿತ್ತೆಂಬುದನ್ನು ತಮ್ಮ ನೆನಪಿಗೆ ತರುವುದು ನನ್ನ ಕರ್ತವ್ಯ. ಹೆಚ್ಚುವರಿ ಮನೆಯೋ ಕೋಣೆಯೋ ಉಳ್ಳವರು, ಹೊಸ ಮನೆಗಳು ಸಿದ್ಧವಾಗುವವರೆಗೆ ಒಬ್ಬೊಬ್ಬ ನಿರ್ವಸತಿಕರನ್ನು ಇಟ್ಟುಕೊಳ್ಳಬೇಕೆಂಬ ಸುಂದರವಾದ ಯೋಜನೆಯೊಂದನ್ನು ತಾವು ರೂಪಿಸಿದ್ದಿರಿ. ಅದಕ್ಕೆ ‘ಆಸರೆಗೊಂದು ಕೈಸೆರೆ’ ಎಂದು ಹೆಸರಿಟ್ಟಿದ್ದಿರಿ. ಪ್ರಾಸವಿದೆ, ಅರ್ಥದ ವಿಷಯ ಬೇರೆ. ಅದಕ್ಕಾಗಿ ನಾವು ಮೇಷ್ಟರುಗಳು ಉಳ್ಳವರ ಬಾಗಿಲುಗಳಿಗೂ ಹೋಗಿದ್ದೆವು. ಸಂಜೆಯಾಗಲಿ, ಶುಕ್ರವಾರವಾಗಲಿ, ಅಮಾವಾಸ್ಯೆಯಾಗಲಿ, ‘ಇಲ್ಲ’ ಎನ್ನುವುದಕ್ಕೆ ಅಲ್ಲಿ ಯಾರೂ ಹಿಂದೆಮುಂದೆ ನೋಡಲಿಲ್ಲ. ತಮ್ಮ ಸಮಿತಿಯ ಸದಸ್ಯರೇ ಆದ ಅಕ್ಕಿ ಗಿರಣಿಯ ಚಿಕ್ಕಣ್ಣನವರು, “ಎಲ್ ಬಂತು ಮೇಷ್ಟ್ರೇ ಜಾಗ? ಬತ್ತದ ಮೂಟೆಗೇ ಸಾಲ್ದು, ನಾವೇ ವಸ್ಲು ಮ್ಯಾಲ್ ಮಲಗ್ತಾ ಇದೀವಿ” ಎಂದರು, ಆ ಹೊಸ್ತಿಲ ಉದ್ದ ನಮ್ಮ ಶಾಲೆಯ ಪ್ರಾರ್ಥನೆಯ ಸಾಲಿಗಿಂತ ಒಂದಿಷ್ಟು ಹೆಚ್ಚು. ಇನ್ನೊಂದು ಮಹಡಿ ಮನೆಯ ಯಜಮಾನರು, ಮಹಡಿ ಇರುವುದು ನಿಜ, ಆದರೆ ಅದು ಇನ್ನೂ ಹೊಸದು ಎಂದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಗೋಡೆಗೆ ನನ್ನ ಮನೆ ಬೆನ್ನು ಕೊಟ್ಟಿದೆ. ಒಟ್ಟಿನಲ್ಲಿ ಮೂರು ತಾಲ್ಲೂಕುಗಳನ್ನು ಜಾಲಾಡಿದ ಮೇಲೆ ಹೆಚ್ಚುವರಿ ಮನೆ ಉಳ್ಳವರೆಂದು ಸಿಕ್ಕಿದ್ದು ಒಂದೇ ಹೆಸರು.

ಕೂಡಲೇ ಮಾಯಮ್ಮನಿಗೆ ನೋಟೀಸು ಬಂತು. ಮನೆಯ ವಿಳಾಸಕ್ಕೆ ಬರಲಿಲ್ಲ, ಸುಂಕದ ಚಾವಡಿಯ ಜಗಲಿಗೇ ಬಂತು ಎಂಬುದನ್ನು ತಾವು ಗಮನಿಸಬೇಕು. ಹೆಚ್ಚುವರಿ ಮನೆಯುಳ್ಳ ಮಹಿಳೆ ಎಲ್ಲಿ ಮಲಗುತ್ತಾಳೆಂಬುದು ತಮ್ಮ ಜವಾನನಿಗೆ ಚೆನ್ನಾಗಿ ಗೊತ್ತಿತ್ತು. ನಾನೇ ಓದಿ ಹೇಳಿದೆ: ಹಲಗೂರು ಕಡೆಯ ಪುಟ್ಟಮಾದಯ್ಯ ಎಂಬ ನಿರ್ವಸತಿಕನಿಗೆ ತಮ್ಮ ಹೆಚ್ಚುವರಿ ಮನೆಯಲ್ಲಿ ಆಸರೆ ಕೊಡತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ಆಗಲೇ ನನ್ನ ಹಕಾರದ ಪಾಪ ನನಗೆ ಹೊಳೆದದ್ದು. ಆಕೆಗೆ ಮಾತ್ರ ಏನೂ ಆದಂತೆ ಕಾಣಲಿಲ್ಲ. “ಯಾರೋ ಮುದುಕ ಬತ್ತಾನೆ ಅಂತ ಬರ್ದವ್ರಾ? ಬರ್ಲಿ ಬುಡಿ. ಜಗ್ಲಿ ಉದ್ದುಕ್ಕದೆ” ಎಂದಳು.

ಪುಟ್ಟಮಾದಯ್ಯ ಬಂದದ್ದು ಮಾರನೆಯ ದಿನ ಮಧ್ಯಾಹ್ನದ ಬಸ್ಸಿಗೆ. ಹರೆಯದಿಂದಲೂ ಆಲೆಮನೆಗಳಲ್ಲಿ ಬೆಲ್ಲ ಕಾಯಿಸಿ, ಆಲೆಮನೆಯಲ್ಲೇ ಮಲಗಿ, ಆಲೆಮನೆ ಮುಚ್ಚಿದ ದಿನ ಮಲಗುವ ಜಾಗವನ್ನೂ ಕಳೆದುಕೊಂಡ ಮುದುಕ. ತಮ್ಮ ಸಮಿತಿಯ ಆದೇಶವನ್ನು ತಲೆಯ ವಸ್ತ್ರದಲ್ಲಿ ಸಿಕ್ಕಿಸಿಕೊಂಡಿದ್ದ. ಜಗಲಿಯ ಮುಂದೆ ನಿಂತು ಅತ್ತಿತ್ತ ನೋಡಿ, “ಎಚ್ಚುವರಿ ಮನೆ ಮಾಯವ್ವ ಅನ್ನೋರು ಎಲ್ಲವ್ರೆ?” ಎಂದು ಮಾಯಮ್ಮನನ್ನೇ ಕೇಳಿದ.

“ನಾನೇ ಕಣಪ್ಪ. ಒಳೀಕ್ ಬಾ” ಎಂದಳು ಈಕೆ.

ಮುದುಕ ಕಕ್ಕಾಬಿಕ್ಕಿಯಾದ. “ಒಳೀಕ್ ಅಂದ್ರೆ ಯಾವ ಕಡೇಂದವ್ವ?”

“ಆ ಕಂಬದಿಂದ ಈಚ್ಗೆ ಒಳಗೆ, ಆಚ್ಗೆ ಒರ್ಗೆ. ಬೀದಿ ನಾಯಿಗ್ ಗೊತ್ತದೆ, ನಿಂಗ್ ಗೊತ್ತಾಗಾಕಿಲ್ವಾ? ಕಾಲ್ ತೊಳ್ಕೊಂಡ್ ಬಾ, ಸಾರ್ಸಿವ್ನಿ.”

ಅವನು ಕಾಲು ತೊಳೆದುಕೊಂಡು, ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದ. ಇದನ್ನು ಕಣ್ಣಾರೆ ಕಂಡ ನಾನು ನಗಲೂ ಆರದೆ ಸುಮ್ಮನಿರಲೂ ಆರದೆ, ಎದುರಿನ ಅಂಗಡಿಯಲ್ಲಿ ಬೇಡದ ಬೆಂಕಿಪೊಟ್ಟಣವೊಂದನ್ನು ಕೊಂಡೆ.

ಯೋಜನೆ ಫಲಿಸಿತೆಂದು ಸಮಿತಿಗೆ ಆದ ಹುಮ್ಮಸ್ಸು ಎಷ್ಟೆಂದರೆ, ಮುಂದಿನ ಒಂದು ತಿಂಗಳಲ್ಲಿ ಇನ್ನೂ ನಾಲ್ವರನ್ನು ಅದೇ ಹೆಚ್ಚುವರಿ ಮನೆಗೆ ಕಳುಹಿಸಿದಿರಿ. ಆಕೆ ಯಾರನ್ನೂ ಹಿಂದಕ್ಕೆ ಅಟ್ಟಲಿಲ್ಲ. ಎರಡು ಕಂಬಗಳ ನಡುವೆ ಅಡುಗೆಮನೆ, ಮುಂದಿನೆರಡರ ನಡುವೆ ಪಡಸಾಲೆ, ಮೂಲೆಯಲ್ಲಿ ಹೆಂಗಸರ ಕೋಣೆ ಎಂದು ವಿಂಗಡಿಸಿ, ಗೋಣಿತಾಟು ಇಳಿಬಿಟ್ಟು, ಜಗಲಿಯನ್ನು ಹಟ್ಟಿಯಾಗಿಸಿದಳು. ಮಳವಳ್ಳಿಯ ಸಭೆಯಲ್ಲಿ ತಾವು ಓದಿದ ವರದಿಯ ಸಾಲು ನನಗೆ ಬಾಯಿಪಾಠವಾಗಿದೆ: ತಾತ್ಕಾಲಿಕ ಆಸರೆ ಪಡೆದ ನಿರ್ವಸತಿಕರು ಐವರು, ಆಸರೆ ಒದಗಿಸಿದ ದಾನಿಗಳು ಒಬ್ಬರು. ಚಪ್ಪಾಳೆ ಬಿತ್ತು. ದಾನಿಗಳು ಆ ಹೊತ್ತಿನಲ್ಲಿ ಜಗಲಿಯ ಸೋರುವ ಮೂಲೆಯಿಂದ ಸೋರದ ಮೂಲೆಗೆ ಪುಟ್ಟಮಾದಯ್ಯನ ಚಾಪೆಯನ್ನು ಎಳೆಯುತ್ತಿದ್ದರು.

ಇನ್ನು ಮುಂದಿನದು ತಮಗೆ ತಿಳಿದದ್ದೇ. ಹಗಲು ಹೊತ್ತಿನಲ್ಲಿ ಬೇರೆ ಮೇಷ್ಟರುಗಳ ಮುಂದೆ ‘ಇಲ್ಲ’ ಎಂದು ಬರೆಸಿದ್ದ ಆ ಐವರಿಗೂ ದಿಬ್ಬದ ಮೇಲೆ ಮನೆ ಗೊತ್ತಾಗಿದೆ. ಪುಟ್ಟಮಾದಯ್ಯನಿಗೆ ಏಳನೆಯ ನಂಬರು. ಮೂವತ್ತನೆಯ ತಾರೀಖಿಗೆ ಅತಿಥಿಗಳೆಲ್ಲ ಅವರವರ ಮನೆಗೆ ಹೋಗುತ್ತಾರೆ, ಆತಿಥ್ಯ ಕೊಟ್ಟವಳು ಜಗಲಿಯಲ್ಲಿ ಉಳಿಯುತ್ತಾಳೆ. “ನನ್ ಜೊತೇಗೇ ಬಂದ್ಬುಡವ್ವ” ಎಂದು ಮುದುಕ ಕರೆದದ್ದುಂಟು. ಆದರೆ ಹಂಚಿಕೆ ಪಡೆದವರು ಅನ್ಯರನ್ನು ಮನೆಯಲ್ಲಿ ಇರಿಸಿಕೊಳ್ಳತಕ್ಕದ್ದಲ್ಲ ಎಂಬ ಒಂಬತ್ತನೆಯ ಷರತ್ತನ್ನು ತಾವೇ ಬರೆದಿದ್ದೀರಿ. ಆಸರೆ ಎಂಬುದು ಮನೆಯಿಲ್ಲದವರು ಮಾತ್ರ ಕೊಡಬಹುದಾದ ವಸ್ತು ಎಂದು ನಾನು ಇದರಿಂದ ತಿಳಿದುಕೊಂಡೆ.

ನನ್ನ ತಪ್ಪನ್ನು ಒಪ್ಪಿ ಮೂರು ಪತ್ರ ಬರೆದ ಮೇಲೆ ಸಮಿತಿ ಉದಾರವಾಗಿ ಒಂದು ಅವಕಾಶ ಕೊಟ್ಟಿತು: ಮಾಯಮ್ಮ ಖುದ್ದಾಗಿ ಸಭೆಗೆ ಬಂದು, ‘ನನಗೆ ಮನೆ ಇಲ್ಲ’ ಎಂದು ತನ್ನ ಬಾಯಿಂದ ಹೇಳಿ ಹೆಬ್ಬೆಟ್ಟು ಒತ್ತಿದರೆ ಹನ್ನೆರಡನೆಯ ಮನೆ ಆಕೆಗೆ. ಮೂರು ಪದ, ಒಂದು ಮನೆ. ಇಷ್ಟು ಸುಲಭವಾದ ಪರೀಕ್ಷೆಯನ್ನು ನಾನು ನನ್ನ ವಿದ್ಯಾರ್ಥಿಗಳಿಗೂ ಕೊಟ್ಟಿಲ್ಲ. ಸಭೆಯನ್ನು ಶುಕ್ರವಾರ ಮೂರು ಗಂಟೆಗೆ ಕರೆದಿದ್ದಿರಿ. ಮಳವಳ್ಳಿಯ ಸದಸ್ಯರ ಬಸ್ಸು ದಾರಿಯಲ್ಲಿ ಕೆಟ್ಟು, ಸಭೆ ಶುರುವಾಗುವಷ್ಟರಲ್ಲಿ ಜವಾನ ಪಟಗಳ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದ. ಅಲ್ಲಿ ನಡೆದದ್ದನ್ನು ನಡಾವಳಿ ಪುಸ್ತಕದಲ್ಲಿ ಅರ್ಧ ಮಾತ್ರ ಬರೆದಿರುವುದರಿಂದ, ಉಳಿದರ್ಧವನ್ನು ಇಲ್ಲಿ ಸೇರಿಸುತ್ತಿದ್ದೇನೆ.

“ಹೇಳಮ್ಮ, ಹೆದರ್ಕೋಬೇಡ, ಮೂರೇ ಮಾತು” ಎಂದು ತಾವು ಎಷ್ಟು ಮೃದುವಾಗಿ ಕೇಳಿದಿರಿ. ಆಕೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು, “ಸುಕ್ರವಾರ, ದೀಪ ಅಚ್ಚೋ ವೊತ್ತು. ಆ ಮಾತು ನನ್ ಬಾಯ್ನಲ್ಲಿ ಬರಾಕಿಲ್ಲ ಬುದ್ದಿ” ಎಂದಳು.

“ಹಂಗಾರೆ ನಾಳೆ ಶನಿವಾರ ಬಂದು ಹೇಳ್ತೀಯಾ?” ಎಂದರು ಸಿದ್ದರಾಜು.

“ಸನಿವಾರ ಅಂದ್ಬುಟ್ರೆ ಏಳೂವರೆ ವರ್ಸ ನಿಂತ್ಕತದೆ ಸಾಮಿ.”

ಭಾನುವಾರ ಕಚೇರಿಗೆ ರಜೆ ಎಂದು ಸಿದ್ದರಾಜು, ಸೋಮವಾರ ಮಂಗಳವಾರ ಮಾದಪ್ಪನ ದಿನ, ಮಾರಮ್ಮನ ದಿನ ಎಂದು ಮಾಯಮ್ಮ, ಬುಧವಾರ ಗುರುವಾರ ಸಮಿತಿ ಮಂಡ್ಯದಲ್ಲಿರುತ್ತದೆ ಎಂದು ಮತ್ತೆ ಸಿದ್ದರಾಜು. ಹೀಗೆ ವಾರ ಮುಗಿದುಹೋದ ಮೇಲೆ ನಾನು ಹಿಂದಿನ ಬೆಂಚಿನಿಂದ ಎದ್ದು, ಹೇಳಿಬಿಡು ಮಾಯಮ್ಮ, ಪಾಪವೆಲ್ಲ ನನಗಿರಲಿ ಎಂದು ಅಂಗಲಾಚಿದೆ. ಆಕೆ ನನ್ನ ಕಡೆ ತಿರುಗಲೂ ಇಲ್ಲ, ತಮ್ಮನ್ನೇ ನೋಡುತ್ತ, “ನನ್ಗೆ ರೂಢಿ ತಪ್ಪೋಗದೆ. ನೀವೇ ಒಂದ್ಸಲ ಏಳ್ಕೊಡಿ ಬುದ್ದಿ, ನಿಮ್ ಇಂದೇನೆ ಅಂದ್ಬುಡ್ತೀನಿ” ಎಂದಳು.

ನ್ಯಾಯವಾದ ಕೋರಿಕೆ. ನಾವು ಮಗ್ಗಿ ಕಲಿಸುವುದೂ ಹಾಗೆಯೇ. ತಾವು ಗಂಟಲು ಸರಿಪಡಿಸಿಕೊಂಡು, “ನನಗೆ ಮ…” ಎನ್ನುವವರೆಗೂ ಬಂದಿರಿ. ಊದಿನಕಡ್ಡಿಯ ಹೊಗೆ ತಮ್ಮ ಮುಖದ ಮುಂದೆ ಹಾಯ್ದುಹೋಯಿತು. ತಮ್ಮ ಹೊಸ ಮಹಡಿಯ ಗೃಹಪ್ರವೇಶವಾಗಿ ಆಗಿನ್ನೂ ಹದಿನಾರು ದಿನ. ತಾವು ನೀರು ಕುಡಿದು, ಲೋಟವನ್ನು ಮೆಲ್ಲಗೆ ಸಿದ್ದರಾಜು ಅವರ ಕಡೆ ಸರಿಸಿದಿರಿ. ಮುಂದಿನ ತಿಂಗಳು ಮಗಳ ಮದುವೆ ಇಟ್ಟುಕೊಂಡಿರುವ ಸಿದ್ದರಾಜು ಅದನ್ನು ಚಿಕ್ಕಣ್ಣನವರ ಕಡೆ ಸರಿಸಿದರು. ಮಂಡ್ಯದಿಂದ ಮಳವಳ್ಳಿಯವರೆಗಿನ ಒಂಬತ್ತು ಮಂದಿ ಸದಸ್ಯರ ಮುಂದೆ ಆ ಲೋಟ ಹಾದುಹೋಗಿ ಖಾಲಿಯಾಗಿ ಹಿಂದಿರುಗಿತು. ಆ ಮೂರು ಮಾತನ್ನು ಯಾರೂ ಆಡಲಿಲ್ಲ. ಸಮಿತಿ ಹುಟ್ಟಿದಾಗಿನಿಂದ ಅದರ ಸದಸ್ಯರೆಲ್ಲ ಒಮ್ಮತದಿಂದ ನಡೆದುಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು. ನಡಾವಳಿ ಪುಸ್ತಕದಲ್ಲಿ ಮಾತ್ರ ‘ಅರ್ಜಿದಾರಳು ಹೇಳಿಕೆ ನೀಡಲು ನಿರಾಕರಿಸಿದಳು’ ಎಂದಿದೆ.

ಆಕೆ ಹೊರಡುವ ಮುಂಚೆ ಆಡಿದ್ದೂ ಅದರಲ್ಲಿ ಬಂದಿಲ್ಲ. ಬಾಗಿಲಲ್ಲಿ ನಿಂತು, “ಅದ್ ಅನ್ನಾಕಿಲ್ಲ ಕನ್ರಪ್ಪ. ಬೇಕು ಅಂತೀನಿ. ಎಷ್ಟ್ ಕಿತ ಕೇಳಿದ್ರೂ ಅಂತೀನಿ. ಬೇಕು ಅನ್ನಕ್ಕೆ ಯಾವ್ ವಾರಾನೂ ಅಡ್ಡಿ ಬರಾಕಿಲ್ಲ. ಬರ್ಕೊಳಿ” ಎಂದಳು. ಸಿದ್ದರಾಜು ನಿಜವಾಗಿಯೂ ಬರೆದುಕೊಳ್ಳಲು ಹೊರಟರು, ಅವರ ಮೇಲೆ ನನಗೆ ಅಂದಿನಿಂದ ಗೌರವ ಹೆಚ್ಚಿದೆ. ಮಾಮೂಲಿ ಅರ್ಥದಲ್ಲಿ ಹೆಚ್ಚಿದೆ. ನಮೂನೆಯ ಈ ಮಗ್ಗುಲು ನೋಡಿದರು, ಆ ಮಗ್ಗುಲು ನೋಡಿದರು, ಬೆಳಕಿಗೆ ಹಿಡಿದೂ ನೋಡಿದರು. ‘ಇದೆ’ಗೆ ಜಾಗವಿದೆ, ‘ಇಲ್ಲ’ಕ್ಕೆ ಜಾಗವಿದೆ. ‘ಬೇಕು’ ಎಂಬುದಕ್ಕೆ ತಮ್ಮ ಸಮಿತಿಯ ಯಾವ ಕಾಗದದಲ್ಲೂ ಜಾಗವಿಲ್ಲ.

ಆದುದರಿಂದ ಮಾನ್ಯರೇ, ನನ್ನ ವಿನಂತಿಗಳನ್ನು ತಮ್ಮ ಪಾದದ ಬಳಿ, ಅಂದರೆ ತಮ್ಮ ಮಹಡಿಯ ಮೆಟ್ಟಿಲ ಬಳಿ, ಇಡುತ್ತಿದ್ದೇನೆ. ಮಾಯಮ್ಮನ ಬಳಿ ಹೆಚ್ಚುವರಿ ಮನೆ ಇದೆಯೆಂದು ತಾವು ಮೊಹರು ಒತ್ತಿ ಸಾರಿದ್ದೀರಿ. ಕನ್ನಡದ ಮೇಷ್ಟರಾಗಿ ನನಗೆ ತಿಳಿದಿರುವಂತೆ, ಮೊದಲನೆಯದು ಇದ್ದರಲ್ಲವೇ ಎರಡನೆಯದು ಹೆಚ್ಚುವರಿಯಾಗುವುದು? ಎರಡನೆಯ ಮನೆಯನ್ನು ಕಾಗದದಲ್ಲಿ ಕಂಡುಹಿಡಿದ ಸಮಿತಿ ಮೊದಲನೆಯದನ್ನು ನೆಲದ ಮೇಲೆ ತೋರಿಸಿ ಬೀಗದ ಕೈ ಕೊಡಲಿ. ತೋರಿಸಲಾಗದಿದ್ದರೆ, ಜಮೀನಿನ ಹೆಚ್ಚುವರಿಯನ್ನು ಸರ್ಕಾರ ವಶಪಡಿಸಿಕೊಳ್ಳುವಂತೆ ಆಕೆಯ ಹೆಚ್ಚುವರಿ ಮನೆಯನ್ನೂ ವಶಪಡಿಸಿಕೊಳ್ಳಿ. ಅಮೀನರು ಬೇಸಿಗೆಯಲ್ಲಿ ಬಂದರೆ ಒಳ್ಳೆಯದು, ಹೊಳೆಯಲ್ಲಿ ನೀರು ತಗ್ಗಿರುತ್ತದೆ, ಇಳಿದು ಅಳತೆ ಮಾಡಬಹುದು. ಇವೆರಡೂ ಕಷ್ಟವೆನಿಸಿದರೆ ಮೂರನೆಯದೊಂದಿದೆ, ತೀರಾ ಸಣ್ಣದು. ಮುಂದಿನ ಸಲ ನಮೂನೆ ಅಚ್ಚು ಹಾಕಿಸುವಾಗ ‘ಬೇಕು’ ಎಂದು ಒಂದು ಕಾಲಂ ಸೇರಿಸಿ. ಮುಂದಿನ ಸಲದವರೆಗೆ ಕಾಯಲು ಮೂವತ್ತನೆಯ ತಾರೀಖು ಒಪ್ಪದಿದ್ದರೆ, ಹಳೆಯ ನಮೂನೆಯಲ್ಲೇ ರೂಲುದೊಣ್ಣೆ ಹಿಡಿದು ಒಂದು ಗೆರೆ ಎಳೆದರೂ ಆಯಿತು. ಗೆರೆ ಎಳೆಯಲು ನಾನು ಬರುತ್ತೇನೆ, ಕೈ ನಡುಗುವುದಿಲ್ಲ. ಆ ಕಾಲಂ ಸಿದ್ಧವಾದೊಡನೆ ಸಮಿತಿಯ ಸದಸ್ಯರೇ ಮೊದಲು ತಮ್ಮ ಹೆಸರು ತುಂಬಬಾರದೆಂಬ ಹತ್ತನೆಯ ಷರತ್ತನ್ನು ಮಾತ್ರ ಮರೆಯಬೇಡಿ.

ಜಗಲಿಯ ಮಾಡು ಎರಡು ಕಡೆ ಬಾಯಿ ಬಿಟ್ಟಿದೆ. ಹಿಂಗಾರು ಇನ್ನೂ ಮುಗಿದಿಲ್ಲ. ಇದಕ್ಕೆ ಪ್ರಾಸ ಹುಡುಕಿದೆ, ಸಿಗಲಿಲ್ಲ.

ಗೋಡೆಯ ಈ ಮಗ್ಗುಲಿನಿಂದ, ತಪ್ಪು ಒಪ್ಪಿಕೊಂಡ ಮೇಲೂ,
ತಮ್ಮ ವಿಶ್ವಾಸಿ,
ಚಲುವನಾರಾಯಣ
(ಮೊದಲಿಗೆ ಚ, ಚೆ ಅಲ್ಲ, ಲ ಒಂದೇ, ಕೊನೆಗೆ ಣ)

ಮಡಿಚುವ ಮುನ್ನ ಇನ್ನೊಂದು ಮಾತು: ಇಂದು ಬೆಳಿಗ್ಗೆ ಹೊಳೆಯಾಚೆ ಹೋಗಿದ್ದಾಗ ಹನ್ನೆರಡನೆಯ ಮನೆಯ ಬಾಗಿಲು ತೆರೆದಿತ್ತು. ತಮ್ಮ ಜವಾನ ಗಾಡಿಯಿಂದ ಕಡತದ ಕಟ್ಟುಗಳನ್ನು ಇಳಿಸಿ ಒಳಗೆ ಜೋಡಿಸುತ್ತಿದ್ದ. ಸಮಿತಿಯ ಕಚೇರಿ ಸೋರುತ್ತಿರುವುದರಿಂದ ತಾತ್ಕಾಲಿಕ ಏರ್ಪಾಡು ಎಂದ. ಹಲಗೂರಿನ ದಾರಿ ಹಿಡಿದು ಹೊರಟಿದ್ದ ಮಾಯಮ್ಮ ಮಲಾರವನ್ನು ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ಬಗ್ಗಿ ನೋಡಿದಳು. ಗೋಡೆಯುದ್ದಕ್ಕೂ ಬೆಚ್ಚಗೆ ಒರಗಿ ಕುಳಿತಿದ್ದ ಕಟ್ಟುಗಳನ್ನು ನೋಡಿ, “ಕಾಗ್ದ ಅಲ್ವಾ, ಪಾಪ, ನೆನೀಬಾರ್ದು” ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು ಕೇಳಿದಳು: “ಒಳೀಕ್ ಬುಡಕ್ ಮುಂಚೆ ಆ ಕಾಗ್ದಗಳ್ನ ಯಾರೂ ಏನೂ ಕೇಳ್ಲಿಲ್ವಾ ಮೇಷ್ಟ್ರೇ?”